ಆಳುಮಗನ ಡೇಗೆ

ಬಾಲ್ಯವನ್ನು ಕುರಿತ ಚಲಚ್ಚಿತ್ರಗಳಲ್ಲಿ ಎರಡು ಬಗೆ. ಬೆಳೆದವರು ತಾವು ಕಳೆದುಕೊಂಡ ದಿನಗಳನ್ನು ನೆನೆದು, ಹನಿಗಣ್ಣಾಗಿ ತೆಗೆದವು ಒಂದು. ಹುಡುಗನ ಎದುರು ನಿಂತ ಲೋಕವನ್ನು ಹುಡುಗನ ಎತ್ತರದಿಂದಲೇ ನೋಡಿ ತೆಗೆದವು ಇನ್ನೊಂದು. ಮೊದಲನೆಯವು ಹೇರಳ, ಎರಡನೆಯವು ವಿರಳ. ಮೊದಲನೆಯದನ್ನು ನೋಡಿ ಬಂದವನು ತನ್ನ ಬಾಲ್ಯವನ್ನು ನೆನೆಯುತ್ತಾನೆ. ಎರಡನೆಯದನ್ನು ನೋಡಿ ಬಂದವನು ಪಕ್ಕದ ಮನೆಯ ಹುಡುಗನನ್ನು ನೆನೆಯುತ್ತಾನೆ. ಇಂಗ್ಲೆಂಡಿನಲ್ಲಿ 1969ರಲ್ಲಿ ತೆರೆ ಕಂಡ ‘ಕೆಸ್’ ಈ ಎರಡನೆಯ ಬಗೆಗೆ ಸೇರಿದ್ದು. ಅರ್ಧ ಶತಮಾನಕ್ಕೂ ಮೀರಿ ಅದು ಉಳಿದು ಬಂದಿದೆ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶತಮಾನದ ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ ಅದಕ್ಕೆ ಏಳನೆಯ ಸ್ಥಾನ ದೊರೆಯಿತು. ಆದರೆ ಮನ್ನಣೆ ಬಂದಷ್ಟೂ ತಪ್ಪು ತಿಳಿವಳಿಕೆಯೂ ಬಂದಿದೆ. ‘ಬಡ ಹುಡುಗ, ಅವನ ಮುದ್ದಿನ ಹಕ್ಕಿ, ಸ್ವಾತಂತ್ರ್ಯದ ಕನಸು’ ಎಂದು ಈ ಚಿತ್ರವನ್ನು ಮೂರು ಮಾತಿನಲ್ಲಿ ಮುಗಿಸುವವರು ಬಹಳ ಮಂದಿ. ಆ ಮೂರು ಮಾತುಗಳಲ್ಲಿ ಹುಡುಗ ಬಡವ ಎಂಬುದೊಂದೇ ನಿಜ ಎಂದು ನನ್ನ ಅಭಿಪ್ರಾಯ.

ಚಿತ್ರದ ನಿರ್ದೇಶಕರು ಕೆನ್ ಲೋಚ್, ನಿರ್ಮಾಪಕರು ಟೋನಿ ಗಾರ್ನೆಟ್, ಛಾಯಾಗ್ರಾಹಕರು ಕ್ರಿಸ್ ಮೆಂಗೆಸ್. ಆಧಾರ, ಬ್ಯಾರಿ ಹೈನ್ಸ್ 1968ರಲ್ಲಿ ಪ್ರಕಟಿಸಿದ ‘ಎ ಕೆಸ್ಟ್ರೆಲ್ ಫಾರ್ ಎ ನೇವ್’ ಎಂಬ ಕಾದಂಬರಿ. ಯಾರ್ಕ್‌ಷೈರಿನ ಬಾರ್ನ್ಸ್‌ಲಿ ಪಟ್ಟಣದ ಸುತ್ತಿನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಕಥೆ ನಡೆಯುತ್ತದೆ. ಚಿತ್ರವನ್ನು ತೆಗೆದದ್ದೂ ಅಲ್ಲಿಯೇ. ಬಿಲ್ಲಿ ಕ್ಯಾಸ್ಪರ್ ಇನ್ನು ಕೆಲವೇ ದಿನಗಳಲ್ಲಿ ಶಾಲೆ ಬಿಡಲಿರುವ ಹುಡುಗ. ತಂದೆ ಮನೆ ಬಿಟ್ಟು ಹೋಗಿದ್ದಾನೆ. ತಾಯಿಗೆ ತನ್ನ ಬದುಕೇ ಭಾರ. ಅಣ್ಣ ಜಡ್ ಗಣಿಯಲ್ಲಿ ದುಡಿಯುತ್ತಾನೆ. ಅಣ್ಣತಮ್ಮಂದಿರು ಮಲಗುವುದು ಒಂದೇ ಹಾಸಿಗೆಯಲ್ಲಿ, ಆದರೆ ಅವರ ನಡುವೆ ಒಂದು ಹಿತವಾದ ಮಾತಿಲ್ಲ. ಬೆಳಗಿನ ಜಾವ ಬಿಲ್ಲಿ ಮನೆಮನೆಗೆ ಪತ್ರಿಕೆ ಹಾಕುತ್ತಾನೆ, ದಾರಿಯಲ್ಲಿ ಹಾಲಿನ ಬಂಡಿಯಿಂದ ಬಾಟಲಿಯೊಂದನ್ನು ಕದ್ದು ಕುಡಿಯುತ್ತಾನೆ, ಶಾಲೆಯಲ್ಲಿ ತೂಕಡಿಸುತ್ತಾನೆ. ಇಂಥವನು ಒಂದು ದಿನ ಹಳೆಯ ಕಟ್ಟಡದ ಗೋಡೆ ಹತ್ತಿ, ಗೂಡಿನಿಂದ ಕೆಸ್ಟ್ರೆಲ್ ಎಂಬ ಸಣ್ಣ ಡೇಗೆಯ ಮರಿಯನ್ನು ತಂದು, ಹಿತ್ತಿಲ ಷೆಡ್ಡಿನಲ್ಲಿ ಸಾಕಿ, ಕೈಗೆ ಬರುವಂತೆ ಪಳಗಿಸುತ್ತಾನೆ. ಅದಕ್ಕೆ ‘ಕೆಸ್’ ಎಂದು ಹೆಸರು. ಅಣ್ಣ ಕುದುರೆ ಜೂಜಿಗೆಂದು ಕೊಟ್ಟ ಹಣವನ್ನು, ಆ ಕುದುರೆಗಳು ಗೆಲ್ಲಲಾರವೆಂದು ನಂಬಿ, ಬಿಲ್ಲಿ ತಿಂಡಿಗೆ ಖರ್ಚು ಮಾಡುತ್ತಾನೆ. ಕುದುರೆಗಳು ಗೆಲ್ಲುತ್ತವೆ. ಅಣ್ಣ ತನ್ನ ಸಿಟ್ಟನ್ನು ಹಕ್ಕಿಯ ಮೇಲೆ ತೀರಿಸಿಕೊಳ್ಳುತ್ತಾನೆ. ಕಥೆ ಇಷ್ಟೆ.

ಕಾದಂಬರಿಯ ಹೆಸರಿನಲ್ಲೇ ಅದರ ತಿರುಳಿದೆ. ಮಧ್ಯಯುಗದ ಇಂಗ್ಲೆಂಡಿನ ಡೇಗೆಬೇಟೆಯ ಗ್ರಂಥಗಳಲ್ಲಿ ಯಾರು ಯಾವ ಹಕ್ಕಿಯನ್ನು ಸಾಕಬಹುದೆಂಬ ಪಟ್ಟಿಗಳಿದ್ದವು. ಚಕ್ರವರ್ತಿಗೆ ಗರುಡ, ಅರಸನಿಗೆ ಇಂಥದು, ಸಾಮಂತನಿಗೆ ಇಂಥದು ಎಂದು ಇಳಿಯುತ್ತ ಬಂದು, ಎಲ್ಲರಿಗಿಂತ ಕೆಳಗಿನ ಆಳುಮಗನಿಗೆ ಉಳಿದದ್ದು ಕೆಸ್ಟ್ರೆಲ್. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಹುಲ್ಲುಗಾವಲುಗಳ ಮೇಲೆ ಗಾಳಿಗೆದುರಾಗಿ, ನಿಂತಲ್ಲೇ ರೆಕ್ಕೆ ಬಡಿಯುತ್ತ ನೆಲವನ್ನು ದಿಟ್ಟಿಸುವ ಹಕ್ಕಿಯನ್ನು ಕಂಡವರಿಗೆ ಇದರ ಪರಿಚಯ ಉಂಟು. ಆಗ ಇಲ್ಲಿಗೆ ವಲಸೆ ಬರುವುದು ಅದೇ ಜಾತಿ. ಆ ನಿಲುವನ್ನು ಕಣ್ಣಾರೆ ನೋಡಿದವನು ಅದನ್ನು ಹೀನವೆನ್ನಲಾರ. ಹೀನತೆ ಇರುವುದು ಪಟ್ಟಿ ಬರೆದವನ ಲೇಖಣಿಯಲ್ಲಿ. ಇನ್ನು ‘ನೇವ್’ ಎಂಬ ಶಬ್ದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹುಡುಗ ಎಂದಷ್ಟೇ ಅರ್ಥ. ಬರಬರುತ್ತ ಅದು ಆಳುಹುಡುಗನಾಯಿತು, ಕೊನೆಗೆ ಠಕ್ಕ, ನೀಚ ಎಂದಾಯಿತು. ಹುಡುಗ, ಆಳು, ಠಕ್ಕ: ಆ ಒಂದು ಶಬ್ದ ಶತಮಾನಗಳಲ್ಲಿ ಇಳಿದ ಮೆಟ್ಟಿಲುಗಳನ್ನು ಬಿಲ್ಲಿಯ ಊರು ಹದಿನೈದು ವರ್ಷಗಳಲ್ಲಿ ಅವನಿಂದ ಇಳಿಸಿಬಿಟ್ಟಿದೆ.

ಇಳಿಸಿದ್ದು ಹೇಗೆ? ಇಲ್ಲಿ ಆ ದೇಶದ ವಿದ್ಯಾಭ್ಯಾಸದ ಏರ್ಪಾಡನ್ನು ತಿಳಿಯದೆ ಚಿತ್ರ ಅರ್ಥವಾಗದು. 1944ರ ಶಿಕ್ಷಣ ಶಾಸನ ಇಂಗ್ಲೆಂಡಿನ ಎಲ್ಲ ಮಕ್ಕಳಿಗೂ ಪ್ರೌಢಶಿಕ್ಷಣವನ್ನು ಉಚಿತವಾಗಿ ಕೊಟ್ಟಿತು. ಅದು ದೊಡ್ಡ ಕೊಡುಗೆ. ಆದರೆ ಹನ್ನೊಂದನೆಯ ವಯಸ್ಸಿನ ಒಂದು ಪರೀಕ್ಷೆಯಿಂದ ಮಕ್ಕಳನ್ನು ಬೇರ್ಪಡಿಸುವ ಪದ್ಧತಿಯೂ ಅದರ ಜೊತೆಗೇ ಬೇರೂರಿತು. ತೇರ್ಗಡೆಯಾದ ಕೆಲವರಿಗೆ ಗ್ರಾಮರ್ ಶಾಲೆ, ಅಲ್ಲಿಂದ ಮುಂದೆ ವಿಶ್ವವಿದ್ಯಾನಿಲಯ, ಕಚೇರಿ, ಅಧಿಕಾರ; ಉಳಿದ ಬಹುಮಂದಿಗೆ ಸೆಕೆಂಡರಿ ಮಾಡರ್ನ್ ಎಂಬ ಶಾಲೆ. 1947ರಿಂದ 1972ರವರೆಗೆ ಹದಿನೈದನೆಯ ವಯಸ್ಸಿಗೆ ಶಾಲೆ ಬಿಡಬಹುದಾಗಿತ್ತು. ಹನ್ನೊಂದರಲ್ಲಿ ‘ನೀನು ಆಗದವನು’ ಎಂಬ ತೀರ್ಪು, ಹದಿನೈದರಲ್ಲಿ ಅದರ ಜಾರಿ. ನಡುವಿನ ನಾಲ್ಕು ವರ್ಷ ಕಾಯುವ ಕೋಣೆ.

ಈ ತೀರ್ಪಿನ ಎರಡು ಪಕ್ಕಗಳನ್ನೂ ಹೈನ್ಸ್ ತಮ್ಮ ಮನೆಯಲ್ಲೇ ಕಂಡಿದ್ದರು. 1939ರಲ್ಲಿ ಹಾಯ್ಲೆಂಡ್ ಕಾಮನ್ ಎಂಬ ಗಣಿಹಳ್ಳಿಯಲ್ಲಿ ಗಣಿಗಾರನ ಮಗನಾಗಿ ಹುಟ್ಟಿದ ಅವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗ್ರಾಮರ್ ಶಾಲೆಗೆ ಹೋದರು, ಉಪಾಧ್ಯಾಯರಾದರು. ತಮ್ಮ ರಿಚರ್ಡ್ ಅದೇ ಪರೀಕ್ಷೆಯಲ್ಲಿ ಸೋತು ಸೆಕೆಂಡರಿ ಮಾಡರ್ನ್ ಸೇರಿದ. ಸೋತ ತಮ್ಮನೇ ಹಳೆಯ ಪುಸ್ತಕಗಳನ್ನು ಓದಿ ಕೆಸ್ಟ್ರೆಲ್‌ಗಳನ್ನು ಪಳಗಿಸುವ ವಿದ್ಯೆ ಕಲಿತವನು. ಚಿತ್ರದ ಹಕ್ಕಿಗಳನ್ನು ಪಳಗಿಸಿಕೊಟ್ಟವನೂ ಅವನೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನನ್ನು ಜಾಣನೆಂದೂ ಇನ್ನೊಬ್ಬನನ್ನು ದಡ್ಡನೆಂದೂ ಒಂದು ಬೆಳಗಿನ ಪ್ರಶ್ನಪತ್ರಿಕೆ ಗೆರೆ ಎಳೆಯಿತು. ಆ ಗೆರೆ ಎಷ್ಟು ನಿಜವೆಂಬುದೇ ಕಾದಂಬರಿಯ ಪ್ರಶ್ನೆ.

ಚಿತ್ರ ಈ ಪ್ರಶ್ನೆಯನ್ನು ಭಾಷಣವಾಗಿ ಕೇಳುವುದಿಲ್ಲ. ಇಂಗ್ಲಿಷ್ ತರಗತಿಯ ದೃಶ್ಯವೊಂದರಲ್ಲಿ ಅದು ತಾನಾಗಿ ಏಳುತ್ತದೆ. ಅಂದಿನ ಪಾಠ, ನಿಜಕ್ಕೂ ಕಲ್ಪನೆಗೂ ಇರುವ ಭೇದ. ನಿನ್ನ ಅನುಭವದ್ದೇನಾದರೂ ಹೇಳು ಎಂದು ಫಾರ್ದಿಂಗ್ ಎಂಬ ಉಪಾಧ್ಯಾಯರು ಬಿಲ್ಲಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಮೊದಲು ತೊದಲುವ ಹುಡುಗ ಡೇಗೆಯ ವಿಷಯ ಬಂದೊಡನೆ ಬೇರೆಯೇ ಆಗುತ್ತಾನೆ. ಹಕ್ಕಿಯ ಕಾಲಿಗೆ ಕಟ್ಟುವ ಚರ್ಮದ ಪಟ್ಟಿ, ಆ ಪಟ್ಟಿ ತೊಡಕಾಗದಂತೆ ತಿರುಗುವ ಉಂಗುರ, ಕೈಗವಸು, ದಿನಕ್ಕಿಷ್ಟು ಎಂದು ಅಳೆದ ಮಾಂಸ, ಮೊದಲು ಹುರಿ ಕಟ್ಟಿ ಹಾರಿಸುವುದು, ಕೊನೆಗೊಂದು ದಿನ ಹುರಿ ಬಿಚ್ಚಿ ಬಿಡುವಾಗಿನ ಅಂಜಿಕೆ, ಇವನ್ನೆಲ್ಲ ಒಂದೊಂದಾಗಿ, ಕ್ರಮ ತಪ್ಪದೆ ಹೇಳುತ್ತಾನೆ. ಕಸುಬಿನ ಶಬ್ದಗಳು ಅವನ ಬಾಯಲ್ಲಿ ನಿರಾಯಾಸವಾಗಿ ಬರುತ್ತವೆ. ದಿನವೂ ಅವನನ್ನು ಅಣಕಿಸುವ ತರಗತಿ ಉಸಿರು ಹಿಡಿದು ಕೇಳುತ್ತದೆ.

ಸಹೃದಯರು ಇಲ್ಲಿ ಗಮನಿಸಬೇಕಾದುದು ಹುಡುಗನ ಉತ್ಸಾಹವನ್ನಷ್ಟೇ ಅಲ್ಲ. ಇವನು ಕಲಿತಿರುವುದು ಒಂದು ಶಾಸ್ತ್ರ. ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೇಳಿದಾಗ ದೊಡ್ಡವರ ರುಜು ಬೇಕೆಂದರು. ಮನೆಯಲ್ಲಿ ರುಜು ಹಾಕುವ ಪುರುಸೊತ್ತು ಯಾರಿಗೂ ಇಲ್ಲ. ಹಳೆಯ ಪುಸ್ತಕದ ಅಂಗಡಿಯಿಂದ ಅವನು ಆ ಪುಸ್ತಕವನ್ನು ಕದ್ದು ತಂದ. ಕದ್ದದ್ದು ತಪ್ಪೇ. ಆದರೆ ಓದಲಾರನೆಂದು ಶಾಲೆ ಕೈಬಿಟ್ಟ ಹುಡುಗ ಓದುವುದಕ್ಕಾಗಿ ಕಳ್ಳನಾದನೆಂಬ ವಿಪರ್ಯಾಸವನ್ನು ಯಾವ ಶಾಲೆ ತಾನೆ ಸುಲಭವಾಗಿ ನುಂಗೀತು? ಆ ಪುಸ್ತಕವನ್ನು ಓದಿ, ಅರ್ಥಮಾಡಿಕೊಂಡು, ಪ್ರಯೋಗಿಸಿ, ತಾಳ್ಮೆಯಿಂದ ಕಾದು ಅವನು ಫಲ ಕಂಡಿದ್ದಾನೆ. ವಿದ್ಯೆಯೆಂದರೆ ಇದಕ್ಕಿಂತ ಬೇರೆ ಏನು? ಶಾಲೆಯ ಹೊರಗೆ ಕಲಿತದ್ದರಿಂದ ಅದು ಶಾಲೆಯ ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ.

ಹಕ್ಕಿಯನ್ನು ‘ಸ್ವಾತಂತ್ರ್ಯದ ಸಂಕೇತ’ ಎನ್ನುವವರ ಮಾತನ್ನು ನಾನು ಒಪ್ಪದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಮುದ್ದಿನ ಹಕ್ಕಿ ಎಂಬ ಮಾತನ್ನಂತೂ ಬಿಲ್ಲಿ ತಾನೇ ತಳ್ಳಿಹಾಕುತ್ತಾನೆ. ಡೇಗೆಯನ್ನು ಸಾಧುಮಾಡಲಾಗದು, ಅದು ಯಾರನ್ನೂ ಲೆಕ್ಕಿಸದು, ತನ್ನನ್ನೂ ಲೆಕ್ಕಿಸದು, ಅದರ ಹಿರಿಮೆಯೇ ಅದು ಎಂಬ ಅರ್ಥದ ಮಾತನ್ನು ಅವನು ಫಾರ್ದಿಂಗರ ಮುಂದೆ ಆಡುತ್ತಾನೆ. ಎಲ್ಲರೂ ತನ್ನನ್ನು ಬೈದು, ಹೊಡೆದು ಬಗ್ಗಿಸಲು ನೋಡುವ ಲೋಕದಲ್ಲಿ, ಬಗ್ಗಿಸದೆಯೇ ಒಂದು ಜೀವದೊಡನೆ ಬಾಳುವ ರೀತಿಯೊಂದನ್ನು ಈ ಹುಡುಗ ಕಂಡುಕೊಂಡಿದ್ದಾನೆ. ಆದುದರಿಂದ ಅವನಿಗೆ ದೊರೆತದ್ದು ಸ್ವಾತಂತ್ರ್ಯಕ್ಕಿಂತ ಹೆಚ್ಚಾಗಿ ಗೌರವ: ತಾನು ಕೊಡುವ ಗೌರವ, ಅದರಿಂದ ತನಗೆ ಮರಳುವ ಘನತೆ. ಹಕ್ಕಿ ಮುಗಿಲಿಗೇರುವಾಗ ಅವನು ತಾನೂ ಹಾರುವ ಕನಸು ಕಾಣುವುದಿಲ್ಲ. ನೆಲದ ಮೇಲೆ ಗಟ್ಟಿಯಾಗಿ ನಿಂತು, ಕೆಲಸ ಬಲ್ಲವನಂತೆ ಅದನ್ನು ಕರೆಯುತ್ತಾನೆ.

ಉಪಾಧ್ಯಾಯ ವರ್ಗಕ್ಕೆ ಈ ಚಿತ್ರ ಅನ್ಯಾಯ ಮಾಡಿದೆಯೆಂದು ದೂರುವವರುಂಟು. ಮೇಲುನೋಟಕ್ಕೆ ಆ ದೂರು ಸರಿಯೆನಿಸೀತು. ವ್ಯಾಯಾಮದ ಉಪಾಧ್ಯಾಯ ಸಗ್ಡನ್ ಕಾಲ್ಚೆಂಡಾಟದಲ್ಲಿ ತಾನೇ ಬಾಬಿ ಚಾರ್ಲ್‌ಟನ್ ಎಂದು ಭಾವಿಸಿ, ಮಕ್ಕಳನ್ನು ತಳ್ಳಿ ಕೆಡವಿ ಗೋಲು ಹೊಡೆಯುತ್ತಾನೆ. ಪಂದ್ಯ ಸೋತದ್ದಕ್ಕೆ ಬಿಲ್ಲಿಯನ್ನು ತಣ್ಣೀರ ಧಾರೆಯ ಕೆಳಗೆ ಕೂಡಿಹಾಕುತ್ತಾನೆ. ಮುಖ್ಯೋಪಾಧ್ಯಾಯ ಗ್ರೈಸ್ ಹೊಸ ತಲೆಮಾರಿನ ದುರ್ನಡತೆಯನ್ನು ಕುರಿತು ಉದ್ದನೆಯ ಉಪದೇಶ ಮಾಡಿ ಬೆತ್ತ ಎತ್ತುತ್ತಾನೆ. ಯಾವ ಉಪಾಧ್ಯಾಯರಿಂದಲೋ ಸಂದೇಶ ತಂದ ಪುಟ್ಟ ಹುಡುಗನೊಬ್ಬನೂ ತಪ್ಪಿತಸ್ಥರ ಸಾಲಿನಲ್ಲಿ ಸಿಕ್ಕಿಕೊಂಡು ಏಟು ತಿನ್ನುತ್ತಾನೆ. ಅವನು ಬಂದದ್ದೇಕೆಂದು ಕೇಳುವವರಿಲ್ಲ. ಆದರೆ ಈ ಪಾತ್ರಗಳನ್ನು ಮಾಡಿದವರು ಯಾರು? ಸಗ್ಡನ್ ಆಗಿ ಅಭಿನಯಿಸಿದ ಬ್ರಯನ್ ಗ್ಲೋವರ್ ಉಪಾಧ್ಯಾಯರು, ಜೊತೆಗೆ ಕುಸ್ತಿಪಟು. ಗ್ರೈಸ್ ಆದ ಬಾಬ್ ಬೋಸ್ ನಿಜಜೀವನದಲ್ಲಿಯೂ ಮುಖ್ಯೋಪಾಧ್ಯಾಯರು. ಫಾರ್ದಿಂಗ್ ಪಾತ್ರದ ಕಾಲಿನ್ ವೆಲಂಡ್ ನಟರಾಗುವ ಮುನ್ನ ಚಿತ್ರಕಲೆಯ ಉಪಾಧ್ಯಾಯರು. ಹೈನ್ಸ್ ಸ್ವತಃ ವ್ಯಾಯಾಮ ಕಲಿಸಿದವರು. ಉಪಾಧ್ಯಾಯರೇ ಕೂಡಿ ತಮ್ಮ ವೃತ್ತಿಯನ್ನು ಕುರಿತು ನುಡಿದ ಸಾಕ್ಷ್ಯವಿದು. ಹೊರಗಿನವರ ನಿಂದೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಇದಕ್ಕಿಂತ ಕಠಿಣವಾದ ಮಾತು ಒಳ್ಳೆಯ ಉಪಾಧ್ಯಾಯರ ವಿಷಯದಲ್ಲಿದೆ. ಫಾರ್ದಿಂಗ್ ಹುಡುಗನ ಮಾತು ಕೇಳುತ್ತಾರೆ, ಜಗಳದಲ್ಲಿ ಅವನ ಪಕ್ಷಕ್ಕೆ ನಿಲ್ಲುತ್ತಾರೆ, ಮಧ್ಯಾಹ್ನದ ಬಿಡುವಿನಲ್ಲಿ ಹೊಲಕ್ಕೆ ಬಂದು ಹಕ್ಕಿಯ ಹಾರಾಟ ನೋಡಿ ಬೆರಗಾಗುತ್ತಾರೆ. ಈ ಪಾತ್ರಕ್ಕಾಗಿ ವೆಲಂಡರಿಗೆ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಬಂದದ್ದು ಉಚಿತವೇ. ಆದರೆ ಆ ಒಳ್ಳೆಯತನದಿಂದ ಆದುದೇನು? ಅದೇ ದಿನ ಉದ್ಯೋಗದ ಸಲಹೆಗಾರ ಬಿಲ್ಲಿಯನ್ನು ಕರೆದು ಕೂರಿಸಿ, ಕಚೇರಿಯ ಕೆಲಸವೋ ಕೈಕೆಲಸವೋ ಎಂದು ಕೇಳುತ್ತಾನೆ. ಗಣಿಗೆ ಹೋಗಲಾರೆ ಎಂಬುದೊಂದೇ ಹುಡುಗನಿಗೆ ಖಚಿತ. ನಿನಗೆ ಯಾವುದರಲ್ಲಿ ಆಸಕ್ತಿ ಎಂಬ ಪ್ರಶ್ನೆಯೂ ಬರುತ್ತದೆ; ಆದರೆ ಅಷ್ಟು ಹೊತ್ತಿಗೆ ಬಿಲ್ಲಿಯ ಮನಸ್ಸೆಲ್ಲ ತನ್ನನ್ನು ಹುಡುಕುತ್ತ ಬಂದಿರುವ ಅಣ್ಣನ ಮೇಲೆ. ಡೇಗೆಯ ವಿಷಯ ಅವನ ಬಾಯಿಂದ ಹೊರಡುವುದೇ ಇಲ್ಲ. ಒಬ್ಬ ಉಪಾಧ್ಯಾಯರಿಗೆ ಬೆಳಿಗ್ಗೆ ತಿಳಿದದ್ದು ಅದೇ ಕಟ್ಟಡದ ಇನ್ನೊಂದು ಕೋಣೆಗೆ ತಲುಪಲಿಲ್ಲ. ಏರ್ಪಾಡು ಕಿವುಡಾದಾಗ ಒಬ್ಬಿಬ್ಬರ ಸಹಾನುಭೂತಿ ಹುಡುಗನಿಗೆ ಒಂದು ಮಧ್ಯಾಹ್ನದ ಸಂತೋಷವನ್ನು ಕೊಡಬಲ್ಲುದು, ಒಂದು ಬದುಕನ್ನು ಕೊಡಲಾರದು. ಕರುಣೆಯನ್ನು ಮೆಚ್ಚಿಯೂ ಅದರ ಮಿತಿಯನ್ನು ತೋರಿಸಿದ್ದು ಈ ಚಿತ್ರದ ದೊಡ್ಡ ಗುಣ.

ಲೋಚರ ರೀತಿ ವಾಸ್ತವದ ರೀತಿ. ಬಿಲ್ಲಿಯ ಪಾತ್ರ ಮಾಡಿದ ಡೇವಿಡ್ ಬ್ರ್ಯಾಡ್ಲಿ ಬಾರ್ನ್ಸ್‌ಲಿಯ ಶಾಲಾಬಾಲಕ. ಸುತ್ತಲಿನವರೂ ಬಹುಮಟ್ಟಿಗೆ ಆ ಊರಿನವರೇ. ಅವರಾಡುವುದು ಆ ಸೀಮೆಯ ಮಾತು. ಇಂಗ್ಲೆಂಡಿನ ದಕ್ಷಿಣದವರಿಗೂ ಅಮೆರಿಕದವರಿಗೂ ಅದು ತಿಳಿಯದೆಂದು ಹಂಚಿಕೆದಾರರು ಹಿಂಜರಿದರು. ಕೆಲವೆಡೆ ಮಾತನ್ನು ತಿಳಿಗೊಳಿಸಿ ಮತ್ತೆ ಧ್ವನಿಮುದ್ರಿಸಬೇಕಾಯಿತು. ಒಂದು ಸೀಮೆಯ ಜನ ತಮ್ಮ ನುಡಿಯಲ್ಲೇ ತಮ್ಮ ಕಥೆ ಹೇಳಿಕೊಂಡರೆ, ತಿಳಿಯದವರು ಕಿವಿಗೊಟ್ಟು ಕಲಿಯಬೇಕೇ ಹೊರತು ಹೇಳುವವರು ನಾಲಗೆ ತಿದ್ದಿಕೊಳ್ಳಬಾರದು ಎಂದು ನನಗನ್ನಿಸುತ್ತದೆ. ಬಿಲ್ಲಿಯ ನಾಲಗೆಯನ್ನು ತಿದ್ದಿದರೆ ಬಿಲ್ಲಿಯೇ ಉಳಿಯುವುದಿಲ್ಲ.

ಆದರೆ ಈ ವಾಸ್ತವನಿಷ್ಠೆ ಒಂದೆಡೆ ಹದ ಮೀರಿದೆ. ಬೆತ್ತದೇಟಿನ ದೃಶ್ಯದಲ್ಲಿ ಹುಡುಗರಿಗೆ ಬಿದ್ದ ಏಟುಗಳು ಅಭಿನಯದ್ದಲ್ಲ, ನಿಜವಾದವು. ಅವರ ಮುಖದ ನೋವು ನಮ್ಮನ್ನು ಅಲುಗಿಸುತ್ತದೆ, ದಿಟ. ಆದರೂ ಮಕ್ಕಳ ಮೇಲಿನ ದಬ್ಬಾಳಿಕೆಯನ್ನು ಖಂಡಿಸುವ ಕೃತಿ ತಾನೇ ಅವರಿಗೆ ಏಟು ಕೊಡಿಸುವುದು ಎಷ್ಟರಮಟ್ಟಿಗೆ ಸರಿ? ಕಲೆ ಏನನ್ನು ಬೇಕಾದರೂ ತೋರಿಸಬಹುದು. ಆದರೆ ತೋರಿಸುವುದಕ್ಕಾಗಿ ಮಕ್ಕಳಿಗೆ ಏನನ್ನು ಬೇಕಾದರೂ ಮಾಡುವ ಹಕ್ಕು ಅದಕ್ಕಿಲ್ಲ. ಚಿತ್ರವನ್ನು ಮೆಚ್ಚುವವರು ಈ ಮಾತನ್ನು ಮರೆಮಾಚಬಾರದು. ಹಾಗೆಯೇ ಬಿಲ್ಲಿಯ ತಾಯಿಯ ಪಾತ್ರದಲ್ಲಿ ಆಳ ಸಾಲದು. ಅವಳ ಒಂಟಿತನ ಒಂದೆರಡು ಕಡೆ ಮಿಂಚಿ ಮರೆಯಾಗುತ್ತದೆ. ಹುಡುಗನಿಗೆ ದೊರೆತ ಅನುಕಂಪದಲ್ಲಿ ಅವಳಿಗೂ ಒಂದು ಪಾಲು ಸಲ್ಲಬೇಕಾಗಿತ್ತು.

ಇನ್ನು ಮುಕ್ತಾಯ. ಸತ್ತ ಹಕ್ಕಿ ಕಸದ ತೊಟ್ಟಿಯಲ್ಲಿ ಸಿಗುತ್ತದೆ. ಹುಡುಗ ಅತ್ತು, ಕೂಗಾಡಿ, ಕೊನೆಗೆ ಅದನ್ನು ಮಣ್ಣು ಮಾಡುತ್ತಾನೆ. ಅಲ್ಲಿಗೆ ಚಿತ್ರ ಮುಗಿಯಿತು. ಕಾದಂಬರಿ ಇನ್ನೂ ತುಸು ದೂರ ಹೋಗುತ್ತದೆ: ಬಿಲ್ಲಿ ಪಾಳುಬಿದ್ದ ಚಿತ್ರಮಂದಿರವೊಂದಕ್ಕೆ ನುಗ್ಗಿ, ಕತ್ತಲಲ್ಲಿ ಕುಳಿತು, ಮನೆ ಬಿಟ್ಟುಹೋದ ತಂದೆಯನ್ನು ನೆನೆಯುತ್ತಾನೆ. ಚಿತ್ರ ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಸಾಂತ್ವನಕ್ಕೆ, ವಿವರಣೆಗೆ ಎಡೆಗೊಡದೆ, ಅಗೆದ ಮಣ್ಣಿನ ಮುಂದೆ ನಮ್ಮನ್ನು ನಿಲ್ಲಿಸಿ ಅದು ಹೊರಟುಹೋಗುತ್ತದೆ. ಕೊಂದವನಾದ ಜಡ್ ರಾಕ್ಷಸನಲ್ಲವೆಂಬುದೂ ಆಗ ಹೊಳೆಯುತ್ತದೆ. ಅವನೂ ಇದೇ ಊರಿನಲ್ಲಿ ಬೆಳೆದು ನೆಲದ ಕೆಳಗಿಳಿದವನು. ವಾರವೆಲ್ಲ ದುಡಿದು, ಎರಡು ಕುದುರೆಗಳ ಮೇಲೆ ಆಸೆ ಕಟ್ಟಿದವನು. ಜಡ್ ಬಿಲ್ಲಿಯ ಶತ್ರು ಮಾತ್ರವಲ್ಲ, ಅವನ ನಾಳೆಯೂ ಹೌದು. ಆ ನಾಳೆ ಅವನ ಇಂದನ್ನು ಕೊಂದಿತು.

ಇದನ್ನು 2000ದಲ್ಲಿ ಬಂದ ‘ಬಿಲ್ಲಿ ಎಲಿಯಟ್’ ಚಿತ್ರದೊಡನೆ ಹೋಲಿಸಿ ನೋಡಬೇಕು. ಅಲ್ಲಿಯೂ ಉತ್ತರ ಇಂಗ್ಲೆಂಡಿನ ಗಣಿಯೂರು, ಅಲ್ಲಿಯೂ ಗಣಿಗಾರರ ಮನೆಯ ಹುಡುಗ, ಅಲ್ಲಿಯೂ ಗಣಿಯಲ್ಲಿ ದುಡಿಯುವ ಅಣ್ಣ. 1984–85ರ ಮಹಾಮುಷ್ಕರ ಅದರ ಹಿನ್ನೆಲೆ. ಆ ಹುಡುಗ ಬ್ಯಾಲೆ ನೃತ್ಯ ಕಲಿತು ಲಂಡನ್ನಿಗೆ ಹೋಗಿ ಗೆಲ್ಲುತ್ತಾನೆ; ನೋಡಿದವರು ಕಣ್ಣೊರೆಸಿಕೊಂಡು ಸಂತೋಷದಿಂದ ಮನೆಗೆ ಬರುತ್ತಾರೆ. ಆ ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ; ಅದರಲ್ಲಿ ಚೆಲುವಿದೆ. ಆದರೆ ಒಬ್ಬ ಪ್ರತಿಭಾವಂತ ಪಾರಾದ ಕಥೆಯಲ್ಲಿ ಅಪಾಯವೊಂದು ಅಡಗಿದೆ. ಪಾರಾಗದವರಲ್ಲಿ ಪ್ರತಿಭೆ ಇರಲಿಲ್ಲವೆಂಬ ಸಮಾಧಾನವನ್ನು ಅದು ನಮಗೆ ಒದಗಿಸುತ್ತದೆ. ಹನ್ನೊಂದನೆಯ ವಯಸ್ಸಿನ ಆ ಪರೀಕ್ಷೆ ಹೇಳುತ್ತಿದ್ದುದೂ ಅದನ್ನೇ ಅಲ್ಲವೆ? ‘ಕೆಸ್’ ಆ ಸಮಾಧಾನವನ್ನು ಕಿತ್ತುಕೊಳ್ಳುತ್ತದೆ. ಬಿಲ್ಲಿ ಕ್ಯಾಸ್ಪರನಿಗೆ ಸಾಮರ್ಥ್ಯವಿತ್ತು. ಆದರೂ ಅವನು ಪಾರಾಗಲಿಲ್ಲ.

ಕಾಲ ಈ ಕಥೆಗೆ ಕಹಿಯಾದ ಉಪಸಂಹಾರವೊಂದನ್ನು ಬರೆಯಿತು. ಬಿಲ್ಲಿ ಹೆದರಿದ ಗಣಿಗಳು 1984–85ರ ಮುಷ್ಕರ ಸೋತ ಮೇಲೆ ಒಂದೊಂದಾಗಿ ಮುಚ್ಚಿದವು. 2015ರ ಕೊನೆಗೆ ಯಾರ್ಕ್‌ಷೈರಿನ ಕೆಲಿಂಗ್ಲಿ ಗಣಿ ಮುಚ್ಚುವುದರೊಂದಿಗೆ ಬ್ರಿಟನ್ನಿನ ಆಳದ ಕಲ್ಲಿದ್ದಲ ಗಣಿಗಳ ಕಾಲವೇ ಮುಗಿಯಿತು. ಗಣಿಯೂರುಗಳು ಅದಕ್ಕಾಗಿ ಅತ್ತವು. ಹಾಗಾದರೆ ಗಣಿಯನ್ನು ಶಾಪವೆಂದು ತೋರಿಸಿದ ಚಿತ್ರ ತಪ್ಪು ಹೇಳಿತೆ? ಇಲ್ಲವೆಂದೇ ನನ್ನ ಉತ್ತರ. ಹೈನ್ಸರಿಗೆ ಗಣಿಗಾರರಲ್ಲಿ ತಿರಸ್ಕಾರವಿರಲಿಲ್ಲ. ಅವರು 1977ರಲ್ಲಿ ಇದೇ ಲೋಚರೊಡನೆ ಕೂಡಿ ಗಣಿಗಾರರ ಬದುಕನ್ನೇ ಕುರಿತು ‘ದಿ ಪ್ರೈಸ್ ಆಫ್ ಕೋಲ್’ ಎಂಬ ದೂರದರ್ಶನ ನಾಟಕಗಳನ್ನು ಬರೆದರು. ಅವರ ತಕರಾರು ಬೇರೆ ದಾರಿಯೇ ಇಲ್ಲದಂತೆ ಹುಡುಗರನ್ನು ಅಲ್ಲಿಗೆ ಅಟ್ಟುವುದರ ಮೇಲಿತ್ತು. ಮೊದಲು ಇದ್ದದ್ದು ಒಂದೇ ಬಾಗಿಲು. ಆಮೇಲೆ ಅದನ್ನೂ ಮುಚ್ಚಿದರು. ಎರಡೂ ಸಲ ಹುಡುಗರನ್ನು ಯಾರೂ ಕೇಳಲಿಲ್ಲ.

ಬೆತ್ತವನ್ನು ಬ್ರಿಟನ್ನಿನ ಸರ್ಕಾರಿ ಶಾಲೆಗಳು 1987ರಲ್ಲಿ ಕೆಳಗಿಟ್ಟವು. ಹನ್ನೊಂದರ ಪರೀಕ್ಷೆ ಅಲ್ಲಿನ ಬಹುಪಾಲು ಪ್ರಾಂತಗಳಿಂದ ಮರೆಯಾಗಿದೆ. ಇವು ಒಳ್ಳೆಯ ಬದಲಾವಣೆಗಳು. ಆದರೆ ಬೆತ್ತವಿಲ್ಲದ ಶಾಲೆಯಲ್ಲಿಯೂ ಮಗುವನ್ನು ಕೇಳಿಸಿಕೊಳ್ಳದಿರುವುದು ಸಾಧ್ಯ; ಪರೀಕ್ಷೆಯ ಹೆಸರು ಬದಲಾದರೂ ಮಕ್ಕಳನ್ನು ಜರಡಿ ಹಿಡಿಯುವ ಅಭ್ಯಾಸ ಉಳಿಯುವುದು ಸಾಧ್ಯ. ಈ ಚಿತ್ರವನ್ನು ನೋಡುವ ಉಪಾಧ್ಯಾಯರು ತಾವು ಸಗ್ಡನ್ ಅಲ್ಲ, ಗ್ರೈಸ್ ಅಲ್ಲ ಎಂದು ನೆಮ್ಮದಿಪಡುವುದು ಸುಲಭ. ನಾವು ಫಾರ್ದಿಂಗ್ ಆದರೂ ಸಾಲದು ಎಂಬುದು ಅದು ಕಲಿಸುವ ಪಾಠ. ಕೊನೆಯ ಬೆಂಚಿನಲ್ಲಿ ತೂಕಡಿಸುವ ಹುಡುಗ ರಾತ್ರಿ ಏನು ಓದಿದ, ಬೆಳಗಿನ ಜಾವ ಎಲ್ಲಿ ದುಡಿದ, ಯಾವ ಕಸುಬಿನ ಎಷ್ಟು ಶಬ್ದಗಳನ್ನು ಬಲ್ಲ ಎಂಬುದನ್ನು ಕೇಳಿ ತಿಳಿಯಬೇಕು. ತಿಳಿದದ್ದನ್ನು ಅವನ ನಾಳೆಯನ್ನು ಗೊತ್ತುಮಾಡುವವರ ಮೇಜಿನವರೆಗೂ ಒಯ್ಯಬೇಕು. ಅಷ್ಟಾಗದ ತನಕ ಶಾಲೆ ಪಟ್ಟಿ ಬರೆಯುವುದನ್ನು ನಿಲ್ಲಿಸಿಲ್ಲ, ಆಳುಮಗನಿಗೆ ಇಂಥದು ಸಾಕೆಂಬ ಹಳೆಯ ಸಾಲನ್ನು ಅಳಿಸಿಯೂ ಇಲ್ಲ.